ಆಷಾಢದಲ್ಲಿ ಅಳೆಯಬೇಕಾದ ತಂತಿ

2024ರ ಜುಲೈ ತಿಂಗಳ ಎರಡನೆಯ ವಾರ. ದಿನಗಟ್ಟಲೆ ಬಿಡದೆ ಸುರಿದ ಮಳೆ ಒಂದು ಮುಂಜಾನೆ ಹೊಳವಾಯಿತು. ನಮ್ಮ ಕೇರಿಯ ಹಿರಿಯ ಕೃಷಿಕರೊಬ್ಬರು ಅದಕ್ಕಾಗಿಯೇ ಕಾದಿದ್ದರು. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಬೋರ್ಡೋ ದ್ರಾವಣ ಹೊಡೆಸುವ ಕಾಲ ಮೀರುತ್ತಿತ್ತು. ಮರ ಹತ್ತುವವರು ಸಿಗುವುದೇ ದುರ್ಲಭವಾಗಿರುವ ಈ ದಿನಗಳಲ್ಲಿ ಅವರಿಗೆ ಹೇಗೋ ಇಬ್ಬರು ಕೊನೆಗಾರರು ಸಿಕ್ಕಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ಪೀಪಾಯಿಗಳು ತುಂಬಿದವು. ಮಧ್ಯಾಹ್ನದೊಳಗೆ ಅರ್ಧ ತೋಟ ಮುಗಿಯಿತು. ಅಷ್ಟರಲ್ಲಿ ಪಡುವಣದಿಂದ ಮೋಡ ಕವಿದು, ಗೊನೆಯ ಮೇಲಿನ ದ್ರಾವಣ ಒಣಗುವ ಮೊದಲೇ ಮಳೆ ಅದನ್ನು ತೊಳೆದುಕೊಂಡು ಹೋಯಿತು.

ಸಂಜೆ ಅವರು ನಮ್ಮ ಅಂಗಳಕ್ಕೆ ಬಂದು ನಿಂತರು. "ಮಳೆ ಬರೋದು ನಿಮ್ಮ ಕಂಪ್ಯೂಟರ್‌ನಲ್ಲಿ ಮೊದಲೇ ಕಾಣ್ತದೆ ಅಂತೀರಿ. ನಿನ್ನೆ ಒಂದು ಮಾತು ಹೇಳಿದ್ದಿದ್ರೆ ಔಷಧಿ ಹೊಡೆಸ್ತಿರ್ಲಿಲ್ಲ ಮಾರಾಯ್ರೇ" ಎಂದರು. ಅದರಲ್ಲಿ ಆಕ್ಷೇಪವಿರಲಿಲ್ಲ, ಬೇಸರವಷ್ಟೇ ಇತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಮುನ್ಸೂಚನೆ ಹಿಂದಿನ ಸಂಜೆಯೇ ಪ್ರಕಟವಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಎರಡು ದಿನಗಳ ನಂತರ, ಮನೆಯ ಅಂತರ್ಜಾಲ ಸಂಪರ್ಕಕ್ಕೆ ಮತ್ತೆ ಜೀವ ಬಂದಾಗ. ಕೃಷಿ ವಿಜ್ಞಾನವನ್ನೇ ವೃತ್ತಿಯಾಗಿಸಿಕೊಂಡು, ಹಳ್ಳಿಯಲ್ಲಿಯೇ ನೆಲೆಸಿರುವ ನನಗೆ ಆ ಸಂಜೆಯಷ್ಟು ನಾಚಿಕೆ ಇನ್ನಾವಾಗಲೂ ಆಗಿರಲಿಲ್ಲ.

ಮನೆಯ ಅಂತರ್ಜಾಲ ಕೈಕೊಡುವುದು ಮಲೆನಾಡಿನಲ್ಲಿ ಹೊಸ ಸುದ್ದಿಯಲ್ಲ. ದೂರು ಕೊಟ್ಟು, ದೂರಿನ ಸಂಖ್ಯೆ ಬರೆದುಕೊಂಡು, 'ಸರಿಪಡಿಸಲಾಗಿದೆ' ಎಂಬ ಸಂದೇಶವನ್ನು ಸರಿಯಾಗದ ಸಂಪರ್ಕದ ನಡುವೆಯೇ ಪಡೆದು, ಮತ್ತೆ ದೂರು ಕೊಡುವುದು ನಮ್ಮೆಲ್ಲರ ಅನುಭವ. ಆದರೆ ಅದನ್ನು ವೈಯಕ್ತಿಕ ಕಿರಿಕಿರಿಯೆಂದು ಬಗೆದು ಗೊಣಗಿ ಸುಮ್ಮನಾಗುವ ಕಾಲ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ. ಪರಿಸರದ ಪ್ರಶ್ನೆಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಇದನ್ನು ಬರೆಯಲು ಕಾರಣವಿದೆ. ಅದಕ್ಕೆ ಮುಂದೆ ಬರುತ್ತೇನೆ.

ವೇಗವಲ್ಲ, ನಂಬಿಕೆ

ಒಂದು ಭತ್ತದ ತಳಿ ಬೆಂಕಿರೋಗವನ್ನು ತಡೆದುಕೊಳ್ಳುತ್ತದೆಯೇ ಎಂದು ತಿಳಿಯಬೇಕಾದರೆ, ರೋಗ ಹೆಚ್ಚಾಗಿ ಕಾಡುವ ಜಾಗದಲ್ಲಿ, ರೋಗ ಕಾಡುವ ಕಾಲದಲ್ಲಿ ಅದನ್ನು ಬೆಳೆದು ನೋಡಬೇಕು. ರೋಗವಿಲ್ಲದ ವರ್ಷದಲ್ಲಿ ಹುಲುಸಾಗಿ ಬೆಳೆಯಿತೆಂದು ಅದನ್ನು ರೋಗನಿರೋಧಕವೆಂದು ಸಾರಿದರೆ ರೈತನಿಗೆ ಬಗೆಯುವ ದ್ರೋಹವಾಗುತ್ತದೆ. ನಮ್ಮ ಸಂಪರ್ಕ ಜಾಲದ ವಿಷಯದಲ್ಲಿ ಆಗುತ್ತಿರುವುದು ಇದೇ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ತಂತಿ ಎಳೆಯುತ್ತಾರೆ, ವೇಗ ತೋರಿಸುತ್ತಾರೆ, ಊರು ಜಾಲಕ್ಕೆ ಸೇರಿತೆಂದು ಬರೆದುಕೊಳ್ಳುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆ ತಂತಿಯ ಗತಿಯೇನೆಂದು ಕೇಳುವವರಿಲ್ಲ.

ನಿಯಮಗಳೂ ಬಹುಕಾಲ ವೇಗದ ಭಾಷೆಯಲ್ಲಿಯೇ ಮಾತನಾಡಿವೆ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಅದು 512 ಕಿಲೋಬಿಟ್ ಆಯಿತು, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ವರ್ಷದಲ್ಲಿ ಎಷ್ಟು ದಿನ, ಅದರಲ್ಲೂ ಯಾವ ದಿನ, ಎಂಬ ಪ್ರಶ್ನೆ ಆ ವ್ಯಾಖ್ಯೆಗಳಲ್ಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಗೂ ಬಯಲುಸೀಮೆಗೂ ಒಂದೇ ಅಳತೆಗೋಲು ಸಾಲದು. ವರ್ಷದ ಸರಾಸರಿ ಎಂಬುದು ಕೃಷಿಕನಿಗೆ ಬಹಳ ಮೋಸದ ಸಂಖ್ಯೆ. ಸರಾಸರಿ ಮಳೆ ಸರಿಯಾಗಿದ್ದ ವರ್ಷವೂ ಬೆಳೆ ಒಣಗಿದ್ದುಂಟು, ಕೊಳೆತದ್ದೂ ಉಂಟು. ಹನ್ನೊಂದು ತಿಂಗಳು ಸರಿಯಾಗಿದ್ದು ಆಷಾಢದಲ್ಲಿ ಸಾಯುವ ಸಂಪರ್ಕ, ಸರಾಸರಿಯಲ್ಲಿ ಉತ್ತಮ ಸಂಪರ್ಕವೇ ಆಗಿರುತ್ತದೆ!

ಮರಗಳೇ ಅಪರಾಧಿಗಳೇ?

ದೂರು ಕೊಟ್ಟಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ನಿಮ್ಮ ಕಡೆ ಮರ ಜಾಸ್ತಿ ಸಾರ್, ನಾವೇನು ಮಾಡೋದು?" ಈ ಮಾತನ್ನು ನಾವು ಗಂಭೀರವಾಗಿ ಪರಿಶೀಲಿಸಬೇಕಾಗಿದೆ. ಏಕೆಂದರೆ ಇಂದು ನೆಪವಾಗಿರುವುದು ನಾಳೆ ಕೊಡಲಿಗೆ ಪರವಾನಗಿಯಾಗಬಲ್ಲದು. ಈ ಪತ್ರಿಕೆಯಲ್ಲಿ ಇದನ್ನು ಬರೆಯಲು ಇದೇ ಮೊದಲ ಕಾರಣ.

ಹಿಂದಿನ ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಅಂತರ್ಜಾಲ ಸೊರಗುತ್ತಿತ್ತು. ತಂತಿಯ ಬೆಸುಗೆಗೆ ನೀರು ಇಳಿದರೆ ಗೊರಗೊರ ಸದ್ದು ಬಂದು ಸಂಪರ್ಕ ಕಡಿಯುತ್ತಿತ್ತು. ಈಗಿನ ಆಪ್ಟಿಕಲ್ ಫೈಬರ್ ಬೇರೆ ಜಾತಿಯದು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕು ಹರಿಯುತ್ತದೆ. ಮಳೆಯ ತೇವಕ್ಕೆ ಅದು ತಾಮ್ರದಂತೆ ಬೆದರುವುದಿಲ್ಲ, ಸಿಡಿಲಿನ ವಿದ್ಯುತ್ತನ್ನು ಮನೆಯೊಳಗೆ ತರುವುದಿಲ್ಲ. ಮನೆಗಳಿಗೆ ಕೊಡುವ ಇಂದಿನ ವ್ಯವಸ್ಥೆಯಲ್ಲಿ ಕೇಂದ್ರದಿಂದ ಸುಮಾರು 20 ಕಿಲೋಮೀಟರ್ ವರೆಗೂ ಅದು ದುಡಿಯಬಲ್ಲದು. ಅಂದರೆ ಗುಡ್ಡಗಾಡಿಗೆ ಇದಕ್ಕಿಂತ ಯೋಗ್ಯವಾದ ತಂತಿ ಇಲ್ಲ.

ಹಾಗಾದರೆ ಅದು ಸಾಯುವುದೇಕೆ? ನಮ್ಮೂರುಗಳಿಗೆ ಬಂದಿರುವ ಫೈಬರ್ ಬಹುಪಾಲು ನೆಲದಡಿಯಲ್ಲಿಲ್ಲ. ಕರೆಂಟ್ ಕಂಬದಿಂದ ಕಂಬಕ್ಕೆ, ಕೆಲವೆಡೆ ಮರದಿಂದ ಮರಕ್ಕೆ ಬಟ್ಟೆ ಒಣಗಿಸುವ ಹಗ್ಗದಂತೆ ಜೋತುಬಿದ್ದಿದೆ. ಒಂದು ಒಣ ರೆಂಬೆ ಬಿದ್ದರೆ ಸಾಕು, ಆಚೆಗಿರುವ ಕೇರಿಗಳೆಲ್ಲ ಕತ್ತಲೆಗೆ ಸರಿಯುತ್ತವೆ. ತಂತಿ ಗಟ್ಟಿಯಾಗಿದ್ದರೂ ಅದರ ಎರಡು ತುದಿಯ ಯಂತ್ರಗಳಿಗೆ ಕರೆಂಟ್ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಮೊಬೈಲ್ ಗೋಪುರದ ಕಥೆಯೂ ಭಿನ್ನವಲ್ಲ. ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಧರೆ ಕುಸಿದು ರಸ್ತೆ ಮುಚ್ಚಿದರೆ ಜನರೇಟರಿಗೆ ಡೀಸೆಲ್ ತಲಪುವುದಿಲ್ಲ. ಗೋಪುರದಿಂದ ಗೋಪುರಕ್ಕೆ ಮೈಕ್ರೋವೇವ್ ಮೂಲಕ ಸಂಪರ್ಕವಿದ್ದರೆ ಬಿರುಸಾದ ಮಳೆಯೇ ಅದನ್ನು ಕುಂದಿಸುತ್ತದೆ.

ತೊಯ್ದ ಎಲೆಗಳು ರೇಡಿಯೋ ಅಲೆಗಳನ್ನು ಹೀರುತ್ತವೆ ಎಂಬುದು ನಿಜ. ಹೆಚ್ಚಿನ ಆವರ್ತನದ ಅಲೆಗಳಿಗೆ ಈ ತೊಡಕು ಹೆಚ್ಚು, 700 ಮೆಗಾಹರ್ಟ್ಸ್‌ನಂತಹ ಕೆಳಗಿನ ಅಲೆಗಳಿಗೆ ಕಡಿಮೆ. ಆದರೆ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಜೋತುಬಿದ್ದ ತಂತಿ, ಸವೆದ ಬ್ಯಾಟರಿ, ಮುಚ್ಚಳವಿಲ್ಲದ ಬೆಸುಗೆಯ ಪೆಟ್ಟಿಗೆ, ಮೂರು ಹೋಬಳಿಗೆ ಒಬ್ಬನೇ ಲೈನ್‌ಮನ್: ಇವುಗಳಲ್ಲಿ ಯಾವುದೂ ಮರದ ಅಪರಾಧವಲ್ಲ. ಇದು ನಿರ್ವಹಣೆಯ ದಾರಿದ್ರ್ಯ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಹೂಳು ತೆಗೆಯದವನು ತೋಟ ಕೊಳೆತಾಗ ಮಳೆಯನ್ನು ದೂರಿದರೆ ನಾವು ಒಪ್ಪುತ್ತೇವೆಯೇ?

ಕಚೇರಿಯ ಬಾಗಿಲು ಎಲ್ಲಿದೆ?

"ನಮಗೇಕೆ ಅಂತರ್ಜಾಲ? ಅದು ಪೇಟೆಯ ರೋಗ" ಎನ್ನುವ ಹಿರಿಯ ಸಂಗಾತಿಗಳು ನಮ್ಮ ನಡುವೆ ಇದ್ದಾರೆ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತಾಗ ಯಾವ ಜಾಲವೂ ಇರಲಿಲ್ಲ, ಸುದ್ದಿ ಕಾಲುನಡಿಗೆಯಲ್ಲಿ ಹಬ್ಬಿತು ಎಂದು ಅವರು ನೆನಪಿಸುತ್ತಾರೆ. ಆ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಅಂದು ಸರ್ಕಾರದ ಬಾಗಿಲು ತಾಲ್ಲೂಕು ಕಚೇರಿಯಲ್ಲಿತ್ತು, ನಡೆದುಹೋಗಿ ತಟ್ಟಬಹುದಿತ್ತು. ಇಂದು ಸರ್ಕಾರವೇ ತನ್ನ ಬಾಗಿಲನ್ನು ಅಂತರ್ಜಾಲಕ್ಕೆ ಸ್ಥಳಾಂತರಿಸಿದೆ.

2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಈಗ ರೈತರ ನೋಂದಣಿಗೆ 'ಫ್ರೂಟ್ಸ್', ಬೆಳೆ ವಿಮೆಗೆ 'ಸಂರಕ್ಷಣೆ', ಬೆಳೆ ಸಮೀಕ್ಷೆಗೆ ಮೊಬೈಲ್ ಆ್ಯಪ್. ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆ ಮಳೆಯ ಅಂಕಿಅಂಶಗಳನ್ನೇ ಅವಲಂಬಿಸಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ತಾವು ಅಳೆದುದನ್ನು ಕಳುಹಿಸುವುದು ಮೊಬೈಲ್ ಜಾಲದ ಮೂಲಕವೇ. ಹವಾಮಾನ ಇಲಾಖೆಯ ಕೃಷಿ ಸಲಹೆಗಾಗಿ 2019ರಲ್ಲಿ ಬಂದ ಆ್ಯಪ್‌ನ ಹೆಸರು 'ಮೇಘದೂತ'. ಹೆಸರೇನೋ ಸೊಗಸಾಗಿದೆ, ಆದರೆ ನಮ್ಮೂರಿನಲ್ಲಿ ಮೇಘ ಬಂದ ದಿನವೇ ದೂತ ಬರುವುದಿಲ್ಲ.

ಕೊಳೆರೋಗದ ಬೆನ್ನಿಗೆ ಈಗ ಎಲೆಚುಕ್ಕಿ ರೋಗವೂ ಅಡಿಕೆ ತೋಟಗಳನ್ನು ಹಿಂಡುತ್ತಿದೆ. ಕೊಳೆರೋಗದ ಶಿಲೀಂಧ್ರವನ್ನು 1910ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಭ್ಯಸಿಸಿ ವರದಿ ಬರೆದಿದ್ದರು. ಬೋರ್ಡೋ ದ್ರಾವಣದ ಮದ್ದೂ ಹಳೆಯದೇ. ಇಂದು ನಮಗೆ ಕೊರತೆಯಿರುವುದು ಮದ್ದಿನದಲ್ಲ, ಅದನ್ನು ಯಾವ ದಿನ ಹೊಡೆಯಬೇಕೆಂಬ ತಿಳಿವಳಿಕೆಯದು. ಆ ತಿಳಿವಳಿಕೆ ಈಗ ತಂತಿಯಲ್ಲಿ ಬರುತ್ತದೆ.

ಮಕ್ಕಳ ವಿಷಯ ಇನ್ನೂ ನೋವಿನದು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಸುರಿಯುವ ಮಳೆಯ ನಡುವೆ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಆ ವರ್ಷ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂಬ ಕೂಗು ಮಲೆನಾಡಿನ ಹಲವೆಡೆ ಎದ್ದಿತು. ಅದಕ್ಕೆ ಎರಡು ವರ್ಷ ಮೊದಲೇ, 2019ರಲ್ಲಿ, ಕೇರಳದ ಹೈಕೋರ್ಟ್ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತ್ತು. ಶಾಲೆ ತೆರೆದ ಮೇಲೆ ನಾವು ಆ ಚಿತ್ರವನ್ನೂ ಆ ಕೂಗನ್ನೂ ಮರೆತೆವು.

ಚಳವಳಿಗೆ ನೇರವಾಗಿ ತಾಗುವ ಒಂದು ಉದಾಹರಣೆ ಕೊಡುತ್ತೇನೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಬಗ್ಗೆ ಕೇಂದ್ರ ಸರ್ಕಾರ ಕರಡು ಅಧಿಸೂಚನೆಯೊಂದನ್ನು 2024ರ ಜುಲೈ 31ರಂದು ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿತ್ತು. ಆಕ್ಷೇಪ, ಸಲಹೆಗಳಿಗೆ 60 ದಿನಗಳ ಅವಕಾಶ. ಅಂದರೆ ಆಗಸ್ಟ್ ಮತ್ತು ಸೆಪ್ಟೆಂಬರ್. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು, ಜುಲೈ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋಗಿದ್ದವು. ಘಟ್ಟದ ಭವಿಷ್ಯದ ಬಗ್ಗೆ ಘಟ್ಟದ ಜನ ಮಾತನಾಡಲೇಬೇಕಾದ ಆ ಅರವತ್ತು ದಿನಗಳಲ್ಲಿ ಕರಡಿನ ಪ್ರತಿ, ಗ್ರಾಮಗಳ ಪಟ್ಟಿ ನೋಡಲು ನಮಗಿದ್ದ ಸುಲಭದ ದಾರಿ ಅಂತರ್ಜಾಲ. ಪರವಾಗಿರಲಿ, ವಿರೋಧವಾಗಿರಲಿ, ಓದಿ ಹೇಳುವ ಅವಕಾಶವೇ ಇಲ್ಲದವನಿಗೆ ವದಂತಿಯೊಂದೇ ಉಳಿಯುತ್ತದೆ. ಘಟ್ಟದ ವಿಷಯದಲ್ಲಿ ವದಂತಿ ಮಾಡಿರುವ ಹಾನಿ ಸಾಮಾನ್ಯವಾದುದಲ್ಲ.

ಹಣವಿದೆ, ಯೋಜನೆಯಿದೆ

ಇದೆಲ್ಲ ಆಗಬೇಕಾದರೆ ಹಣ ಎಲ್ಲಿಂದ ಎಂದು ಕೇಳಬಹುದು. 2002ರಿಂದಲೇ ದೂರಸಂಪರ್ಕ ಕಂಪನಿಗಳು ತಮ್ಮ ಲೆಕ್ಕಾಚಾರದ ವರಮಾನದ ಶೇಕಡಾ 5ರಷ್ಟನ್ನು ಗ್ರಾಮೀಣ ಮತ್ತು ದುರ್ಗಮ ಪ್ರದೇಶಗಳ ಸೇವೆಗೆಂದು ಒಂದು ನಿಧಿಗೆ ಕೊಡುತ್ತ ಬಂದಿವೆ. 2023ರ ದೂರಸಂಪರ್ಕ ಕಾಯ್ದೆಯ ಮೂಲಕ ಅದು 'ಡಿಜಿಟಲ್ ಭಾರತ್ ನಿಧಿ' ಎಂಬ ಹೆಸರು ಪಡೆದಿದೆ. ನಾವು ತಿಂಗಳು ತಿಂಗಳು ಕಟ್ಟುವ ಶುಲ್ಕದಿಂದಲೇ ಆ ವರಮಾನ ಹುಟ್ಟುತ್ತದೆ. ಆದ್ದರಿಂದ ಗುಡ್ಡದೂರಿನ ಸಂಪರ್ಕ ಯಾರೂ ಕೊಡುವ ಭಿಕ್ಷೆಯಲ್ಲ.

2011ರಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ 'ಭಾರತ್‌ನೆಟ್' ಆಯಿತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವುದು ಅದರ ಗುರಿ. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅದರಲ್ಲಿರುವ ಒಂದು ಮಾತು ನಮಗೆ ಅಮೂಲ್ಯವಾದುದು: ಫೈಬರನ್ನು ಒಂದೇ ಸಾಲಾಗಿ ಎಳೆಯದೆ ವರ್ತುಲವಾಗಿ ಕಟ್ಟಬೇಕು ಎಂಬುದು. ಸಾಲಿನಲ್ಲಿ ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಸತ್ತಂತೆ. ಒಂದೇ ಮೂಲದ ಕಾಲುವೆಯ ಒಡ್ಡು ಒಡೆದಂತೆ. ವರ್ತುಲದಲ್ಲಿ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಹರಿವು ಬರುತ್ತದೆ. ಧರೆ ಕುಸಿಯುವ ನಾಡಿಗೆ ವರ್ತುಲವೇ ಗತಿ.

ಗ್ರಾಹಕರ ಪರವಾದ ನಿಯಮವೂ ಇದೆ. 2024ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಗುಣಮಟ್ಟದ ನಿಯಮಗಳಂತೆ, ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಕಾಲ ಮೊಬೈಲ್ ಜಾಲ ಸ್ಥಗಿತವಾದರೆ ಬಾಡಿಗೆಯಲ್ಲಿ ಕಡಿತ ಅಥವಾ ಅವಧಿಯ ವಿಸ್ತರಣೆ ಸಿಗಬೇಕು. ಸ್ವಾಗತಾರ್ಹವೇ. ಆದರೆ 'ಜಿಲ್ಲಾ ಮಟ್ಟ' ಎಂಬ ಪದವನ್ನು ಗಮನಿಸಿ. ಹೊಸನಗರದ ಒಂದು ಹೋಬಳಿ ವಾರವಿಡೀ ಮೌನವಾಗಿದ್ದರೂ ಶಿವಮೊಗ್ಗ, ಭದ್ರಾವತಿಯ ಪೇಟೆಗಳು ಮಾತನಾಡುತ್ತಿದ್ದರೆ ಜಿಲ್ಲೆ ಸ್ಥಗಿತವಾದಂತಾಗುವುದಿಲ್ಲ. ನಮ್ಮ ಕಷ್ಟ ಇಲ್ಲಿಯೂ ಸರಾಸರಿಯಲ್ಲಿ ಕರಗಿಹೋಗುತ್ತದೆ.

ನಾವು ಕೇಳಬೇಕಾದುದು, ಮಾಡಬೇಕಾದುದು

ಮೊದಲನೆಯದಾಗಿ, ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಸಂಪರ್ಕದ ಲೆಕ್ಕವನ್ನು ಪ್ರತ್ಯೇಕವಾಗಿ, ಗ್ರಾಮ ಪಂಚಾಯಿತಿವಾರು ಪ್ರಕಟಿಸಬೇಕು. ಮಲೆನಾಡಿನ ಜಾಲಕ್ಕೆ ಅಂಕ ಕೊಡುವುದು ಆ ನಾಲ್ಕು ತಿಂಗಳಲ್ಲಿ ಮಾತ್ರ.

ಎರಡನೆಯದಾಗಿ, ಫೈಬರ್ ನೆಲದಡಿಗೆ ಹೋಗಬೇಕು, ಅದೂ ಈಗಿರುವ ರಸ್ತೆಯ ಅಂಚಿನಲ್ಲಿ, ಒಂದು ಮರವನ್ನೂ ಕಡಿಯದೆ. ಹೊಸ ಗೋಪುರಕ್ಕಾಗಿ ಕಾಡಿನೊಳಗೆ ಹೊಸ ದಾರಿ ಕಡಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಎಚ್ಚರಿಕೆಯೊಂದಿದೆ. ಮೇ ತಿಂಗಳಲ್ಲಿ ಧರೆಯ ಬುಡ ಅಗೆದು ಸಡಿಲ ಮಣ್ಣು ಮುಚ್ಚಿ ಹೋದರೆ ಮೊದಲ ಮಳೆಗೇ ನೀರು ಆ ಚರಂಡಿಗೆ ನುಗ್ಗಿ ಧರೆಯನ್ನು ಕೆಡವುತ್ತದೆ. ಅಗೆಯುವುದೇನಿದ್ದರೂ ಮಳೆ ನಿಂತ ಮೇಲೆ, ಇಳಿಜಾರಿನ ಅಂಚನ್ನು ಬಿಟ್ಟು, ಮಣ್ಣನ್ನು ಗಟ್ಟಿಸಿ ಮಾಡಬೇಕು. ಕಂಬದ ಮೇಲಿನ ತಂತಿ ಉಳಿಯುವಲ್ಲಿ ಮೇ ತಿಂಗಳ ತಪಾಸಣೆ ಕಡ್ಡಾಯವಾಗಲಿ. ತಾಗುವ ರೆಂಬೆಯನ್ನು ಸವರಿದರೆ ಸಾಕು, ಮರವನ್ನೇ ಉರುಳಿಸಬೇಕಾಗಿಲ್ಲ.

ಮೂರನೆಯದಾಗಿ, ಪಂಚಾಯಿತಿಯ ಫೈಬರ್ ಕೋಣೆಗೆ ದಿನಗಟ್ಟಲೆ ಬಾಳುವ ಬ್ಯಾಟರಿ ಬೇಕು. ಆಷಾಢದಲ್ಲಿ ಸೌರಫಲಕವನ್ನು ನಂಬಲಾಗದು. ಆದರೆ ಹಳ್ಳದ ನೀರಿನಿಂದ ತಿರುಗುವ ಕಿರು ಜಲವಿದ್ಯುತ್ ಯಂತ್ರಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿ ದೀಪ ಉರಿಸುತ್ತಿವೆ. ಸೂರ್ಯ ಮರೆಯಾಗುವ ಕಾಲದಲ್ಲಿಯೇ ಹಳ್ಳ ತುಂಬುತ್ತದೆ. ಈ ಅನುಕೂಲವನ್ನು ಬಳಸಿಕೊಳ್ಳಲು ದೂರದ ತಜ್ಞರು ಬೇಕಿಲ್ಲ.

ನಾಲ್ಕನೆಯದಾಗಿ, ಪ್ರತಿ ಪಂಚಾಯಿತಿಗೂ ಫೈಬರ್ ಬೆಸೆಯಬಲ್ಲ ಸ್ಥಳೀಯ ಯುವಕ ಯುವತಿಯರು ಬೇಕು. ಕಡಿದ ತಂತಿಗೆ ಜಿಲ್ಲಾ ಕೇಂದ್ರದಿಂದ ವಾಹನ ಬರುವವರೆಗೆ ಕಾಯುವುದು ಕೊಳೆತ ಗೊನೆಗೆ ದೀಪಾವಳಿಯಲ್ಲಿ ಮದ್ದು ಹೊಡೆದಂತೆ.

ಐದನೆಯದಾಗಿ, ಮಳೆಗಾಲದಲ್ಲಿ ಬರುವ ಯಾವುದೇ ಕಡೆಯ ದಿನಾಂಕಕ್ಕೆ, ಅದು ವಿಮೆಯದಿರಲಿ, ಆಕ್ಷೇಪಣೆಯದಿರಲಿ, ಪಂಚಾಯಿತಿಯಲ್ಲಿ ಕಾಗದದ ಅರ್ಜಿಯ ದಾರಿ ತೆರೆದಿರಬೇಕು. ಕರಡು ಕಾನೂನುಗಳ ಕನ್ನಡ ಪ್ರತಿ ಅಲ್ಲಿ ಓದಲು ಸಿಗಬೇಕು.

ಕೇಳುವುದರ ಜೊತೆಗೆ ಮಾಡುವ ಕೆಲಸವೂ ಇದೆ. ಸ್ಪೇನಿನ ಕೆಟಲೋನಿಯಾ ಪ್ರಾಂತ್ಯದಲ್ಲಿ 2004ರಲ್ಲಿ ಕಂಪನಿಗಳು ಕಡೆಗಣಿಸಿದ ಹಳ್ಳಿಗರೇ 'ಗೀಫಿ' ಎಂಬ ಸಮುದಾಯ ಜಾಲವನ್ನು ಕಟ್ಟಲಾರಂಭಿಸಿದರು. ಹಿಮಾಚಲದ ಧರ್ಮಶಾಲೆಯಲ್ಲಿಯೂ ಅದೇ ದಶಕದಲ್ಲಿ ಗುಡ್ಡದಿಂದ ಗುಡ್ಡಕ್ಕೆ ನಿಸ್ತಂತು ಜಾಲ ಹಬ್ಬಿತು. ಅಡಿಕೆ ಮಾರಾಟಕ್ಕೆ 1923ರಲ್ಲಿಯೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು. ಸಹಕಾರ ನಮಗೆ ಹೊಸ ಪಾಠವಲ್ಲ. ತಂತಿಯ ಉಸ್ತುವಾರಿಯನ್ನಾದರೂ ನಮ್ಮ ಸಂಘಗಳು ವಹಿಸಿಕೊಳ್ಳಬಹುದೇ ಎಂದು ಚರ್ಚಿಸೋಣ.

ಅದಕ್ಕೂ ಮೊದಲು ಅತಿ ಸಣ್ಣದೊಂದು ಕೆಲಸ. ಮುಂದಿನ ಜೂನ್ ಒಂದರಿಂದ ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಪರ್ಕ ಸತ್ತ ಪ್ರತಿ ದಿನಕ್ಕೂ ಒಂದು ಕಪ್ಪು ಚುಕ್ಕೆ ಇಡಿ. ದೂರಿನ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಅಂದು ಮಳೆ ಎಷ್ಟು, ಕರೆಂಟ್ ಇತ್ತೇ ಎಂಬುದನ್ನೂ ಗುರುತಿಸಿ. ವಿದ್ಯಾರ್ಥಿ ಮಿತ್ರರು ಊರಿನ ಹತ್ತು ಮನೆಗಳ ಹಾಳೆಗಳನ್ನು ಕೂಡಿಸಿ ಒಂದು ಪಟ್ಟಿ ಮಾಡಲಿ. ಮಳೆಗಾಲ ಮುಗಿದ ನಂತರದ ಗ್ರಾಮಸಭೆಯಲ್ಲಿ ಅದನ್ನು ಓದಿ ನಿರ್ಣಯವಾಗಿ ದಾಖಲಿಸಿ. ಗೊಣಗಾಟಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ದಿನಾಂಕಸಹಿತವಾದ ದಾಖಲೆಗೆ ಕೊಡಬೇಕಾಗುತ್ತದೆ. "ಮರ ಜಾಸ್ತಿ" ಎಂಬ ನೆಪ ನಿಜವೋ ಸುಳ್ಳೋ ಎಂಬುದೂ ಆ ಪಟ್ಟಿಯಿಂದಲೇ ತಿಳಿಯುತ್ತದೆ.

ನಾನು ನನ್ನ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಲು ಆರಂಭಿಸಿದ್ದೇನೆ. ಅದರ ಜೊತೆಗೆ ಹಾಲಿನ ಡೇರಿಯ ಗೋಡೆಯ ಮೇಲೆ ಒಂದು ಕರಿಹಲಗೆ ತೂಗುಹಾಕಿದ್ದೇವೆ. ಸಂಪರ್ಕವಿದ್ದ ಸಂಜೆ ಮರುದಿನದ ಮುನ್ಸೂಚನೆಯನ್ನು ಅದರ ಮೇಲೆ ಬರೆಯುತ್ತೇನೆ. ಸಂಪರ್ಕವಿಲ್ಲದ ಸಂಜೆ 'ಇಂದು ಸುದ್ದಿ ಬಂದಿಲ್ಲ' ಎಂದು ಬರೆಯುತ್ತೇನೆ. ಬೆಳಗ್ಗೆ ಹಾಲು ಹಾಕಲು ಬರುವ ಆ ಹಿರಿಯರು ಹಲಗೆಯನ್ನು ಓದಿಯೇ ಕೊನೆಗಾರರಿಗೆ ಹೇಳಿಕಳುಹಿಸುತ್ತಾರೆ.